ಅಪ್ಪ ನನ್ನನ್ನು ಟ್ರಾಲಿಯಿಂದ ಇಳಿಸಿದ್ದು

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಈ ಕತೆಯಲ್ಲಿ ಅರ್ಧ ತಪ್ಪು ಆ ಕೋಪದ್ದೇ. ಇನ್ನರ್ಧ ಅಪ್ಪನ ಬಾಯಿಯದು. ಅದು ತೆರೆಯುತ್ತಿದ್ದುದು ಊಟಕ್ಕೆ ಮತ್ತು ಆಕಳಿಕೆಗೆ ಮಾತ್ರ.

ಅಮ್ಮ ತೀರಿಕೊಂಡ ಎರಡು ವರ್ಷಕ್ಕೆ ಅಪ್ಪ ನಮ್ಮ ಮನೆಗೆ ಬಂದರು. ಎಲ್ಲರ ಬಾಯಲ್ಲೂ ಡಾಟ್‌ಕಾಮ್ ಅನ್ನುವ ಮಾತೇ ಕುಣಿಯುತ್ತಿದ್ದ ಕಾಲ ಅದು. ನಾವು ಮೌಂಟನ್ ವ್ಯೂನಲ್ಲಿ ಎರಡು ರೂಮಿನ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿದ್ದೆವು. ನನ್ನ ಗಂಡ ಒಂದು ಸ್ಟಾರ್ಟಪ್ಪಿನಲ್ಲಿ ಎಂಜಿನಿಯರು. ಅವರ ಆಫೀಸಿನಲ್ಲಿ ಆಟದ ಮೇಜಿತ್ತು, ಪುಕ್ಕಟೆ ಸೋಡಾ ಇತ್ತು, ಮಲಗಲು ಸೋಫಾ ಕೂಡ ಇತ್ತು. ಮನೆಗೆ ಬರಲು ಪುರುಸೊತ್ತು ಒಂದಿರಲಿಲ್ಲ. ವಾರದ ಕೊನೆಗೆ ಯಾರದಾದರೂ ಮನೆಯಲ್ಲಿ ಸೇರಿದ ಕನ್ನಡದವರೆಲ್ಲ ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡು ಐಪಿಒ, ಐಪಿಒ ಎಂದು ಜಪ ಮಾಡುತ್ತಿದ್ದರು. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಆರು ವರ್ಷದ ಮಗಳನ್ನು ಸ್ಕೂಲಿಗೆ ಬಿಡುವುದು, ಕರೆತರುವುದು, ನಡುವೆ ಗ್ರಾಸರಿ. ಇಷ್ಟೇ ನನ್ನ ಲೋಕ.

ಅಪ್ಪ ಆರು ತಿಂಗಳಿದ್ದರು. ಅವರಿಗೊಂದು ಪ್ರಶ್ನೆ ಕೇಳುವುದು ನನಗೆ ಬಾಕಿ ಇತ್ತು. ಒಂದು ದಿನದ್ದಲ್ಲ, ಇಪ್ಪತ್ತೈದು ವರ್ಷದ ಬಾಕಿ. ದಿನಾ ಬೆಳಿಗ್ಗೆ ಕಾಫಿ ಕೊಡುವಾಗ ಇವತ್ತು ಕೇಳಿಯೇಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ, ಲೋಟ ತೊಳೆಯುವಾಗ ನಾಳೆ ನೋಡೋಣ ಎನ್ನುತ್ತಿದ್ದೆ. ಹೀಗೆ ಮಾಡಿ ಮಾಡಿ, ಅವರು ವಿಮಾನ ಹತ್ತುವುದಕ್ಕೆ ನಾಲ್ಕೇ ದಿನ ಉಳಿಯಿತು.

ಪ್ರಶ್ನೆ ಏನೆಂದರೆ, ಅಪ್ಪ ನನ್ನನ್ನು ಯಾಕೆ ಇಳಿಸಿದರು?

ಅಪ್ಪ ಕೆಲಸ ಮಾಡುತ್ತಿದ್ದುದು ಕಾವೇರಿಯ ದಡದಲ್ಲಿದ್ದ ಒಂದು ಹಳೆಯ ಪವರ್‌ಹೌಸಿನಲ್ಲಿ. ಪವರ್‌ಹೌಸು ಕಣಿವೆಯ ತಳದಲ್ಲಿ, ನಮ್ಮ ಕ್ವಾರ್ಟರ್ಸು ಮೇಲೆ. ಮೇಲಿಂದ ಕೆಳಕ್ಕೆ ಕಡಿದಾದ ಇಳಿಜಾರಿನಲ್ಲಿ ಕಂಬಿ ಹಾಕಿದ್ದರು. ಅದರ ಮೇಲೆ ಬೆಂಚುಗಳಿದ್ದ ಒಂದು ಟ್ರಾಲಿ. ಅದಕ್ಕೆ ಎಂಜಿನ್ನು ಇರಲಿಲ್ಲ, ದಪ್ಪನೆಯ ಉಕ್ಕಿನ ಹಗ್ಗ ಕಟ್ಟಿ ಮೇಲಿನಿಂದಲೇ ಇಳಿಸಬೇಕು, ಎಳೆಯಬೇಕು. ಆ ಹಗ್ಗ ಸುತ್ತುವ ಯಂತ್ರ ವಿಂಚ್ ರೂಮಿನಲ್ಲಿತ್ತು. ಅದರ ಬ್ರೇಕು ಹಿಡಿದು ನಿಲ್ಲುತ್ತಿದ್ದವರು ಅಪ್ಪ. ಕೆಳಗೆ ಗಂಟೆ ಹೊಡೆದರೆ ಮೇಲೆ ಕೇಳಿಸಬೇಕು. ಎರಡಕ್ಕೆ ಇಳಿಸು, ಮೂರಕ್ಕೆ ಎಳೆ, ಒಂದಕ್ಕೆ ಎಲ್ಲಿದೆಯೋ ಅಲ್ಲೇ ನಿಲ್ಲಿಸು. ಅರ್ಧ ದಾರಿಯಾಚೆ ಟ್ರಾಲಿ ಅವರ ಕಣ್ಣಿಗೂ ಬೀಳುತ್ತಿರಲಿಲ್ಲ. ಹಗ್ಗದ ಮೇಲೆ ಬಣ್ಣ ಬಳಿದ ಗುರುತು ನೋಡಿಕೊಂಡು, ಕಿವಿಯನ್ನು ಗಂಟೆಗೆ ಕೊಟ್ಟು ಬ್ರೇಕು ಹಿಡಿಯಬೇಕಿತ್ತು.

ಕಾಲೊನಿಯಲ್ಲೇ ಹುಟ್ಟಿ ಬೆಳೆದರೂ ನಾನು ಆ ಟ್ರಾಲಿ ಹತ್ತಿರಲಿಲ್ಲ. ಕೆಲಸದವರನ್ನು ಬಿಟ್ಟು ಬೇರೆಯವರು ಹತ್ತಬೇಕಾದರೆ ಪರ್ಮಿಷನ್ ಬೇಕಿತ್ತು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಪಕ್ಕದ ಊರಿನ ನಮ್ಮ ಸ್ಕೂಲಿನವರು ಅದೇ ಪವರ್‌ಹೌಸಿಗೆ ಪ್ರವಾಸ ಇಟ್ಟರು. ಕೇಳಬೇಕೆ! ಒಂದು ವಾರ ನನ್ನ ಕಾಲು ನೆಲದ ಮೇಲಿರಲಿಲ್ಲ. "ಟ್ರಾಲಿ ಓಡ್ಸೋದೇ ನಮ್ಮಪ್ಪ" ಎಂದು ಕ್ಲಾಸಿಗೆಲ್ಲ ಜಂಭ ಕೊಚ್ಚಿದ್ದೇ ಕೊಚ್ಚಿದ್ದು. ಆ ದಿನ ಎಲ್ಲರಿಗಿಂತ ಮುಂಚೆ ಓಡಿಹೋಗಿ ಮೊದಲನೇ ಬೆಂಚಿನಲ್ಲಿ ಕೂತೆ. ಅಪ್ಪ ವಿಂಚ್ ರೂಮಿನ ಕಿಟಕಿಯಿಂದ ನೋಡಿದರು. ನಾನು ಕೈ ಬೀಸಿದೆ. ಅವರು ಹೊರಗೆ ಬಂದರು, ಸೀದಾ ನನ್ನ ಹತ್ತಿರ ಬಂದು ತೋಳು ಹಿಡಿದು ಕೆಳಗಿಳಿಸಿದರು. "ನೀನು ಇರು" ಎಂದರು. ಅಷ್ಟೇ. ವಾಪಸು ಹೋಗಿ ಬ್ರೇಕು ಬಿಟ್ಟರು. ನಲವತ್ತು ಜನರ ಕ್ಲಾಸು ಕೇಕೆ ಹಾಕುತ್ತ ಕಣಿವೆಗೆ ಇಳಿದುಹೋಯಿತು. ನಾನು ಮೇಷ್ಟರ ಚೀಲಗಳ ಪಕ್ಕದಲ್ಲಿ ಕೂತು ಗೊಳೋ ಎಂದು ಅತ್ತೆ. ವಾಪಸು ಬಂದ ಹುಡುಗಿಯರು ನನ್ನನ್ನು ನೋಡಿ ಕಿಸಕ್ಕೆಂದರು.

ಮನೆಯಲ್ಲಿ ನಾನು ತುಟಿ ಪಿಟಕ್ಕೆನ್ನಲಿಲ್ಲ. ಅಪ್ಪನೂ ಅನ್ನಲಿಲ್ಲ. ಆಮೇಲೆ ನಾನೇ ಒಂದೊಂದು ವಯಸ್ಸಿಗೆ ಒಂದೊಂದು ಕಾರಣ ಕಟ್ಟಿಕೊಂಡೆ. ಹುಡುಗಿ ಅಂತ ಇಳಿಸಿದರು. ಮೇಷ್ಟರ ಮುಂದೆ ತಮ್ಮ ಶಿಸ್ತು ತೋರಿಸಿದರು. ನಾನು ಅವರಿಗೆ ಬೇಕಾಗಿರಲೇ ಇಲ್ಲ. ಕಾಲೇಜಿಗೆ ಬರುವ ಹೊತ್ತಿಗೆ ಕೊನೆಯದೇ ಗಟ್ಟಿಯಾಗಿ ನಿಂತಿತು. ಮದುವೆಯಾಗಿ ಇಷ್ಟು ದೂರ ಬಂದ ಮೇಲೂ, ಫೋನ್ ಕಾರ್ಡಿನ ಹತ್ತು ನಿಮಿಷದಲ್ಲಿ ಅಪ್ಪ "ಹುಷಾರಾ? ಮಗು ಹುಷಾರಾ? ಫೋನ್ ಮಡಗ್ಲಾ?" ಎಂದು ಮೂರೇ ಮಾತಿಗೆ ಮುಗಿಸಿದಾಗೆಲ್ಲ ಆ ಹಳೆಯ ಹುಣ್ಣು ಚುರ್ರೆನ್ನುತ್ತಿತ್ತು.

ಸ್ಯಾನ್ ಫ್ರಾನ್ಸಿಸ್ಕೋದ ಕೇಬಲ್ ಕಾರು ತೋರಿಸೋಣ ಎಂದು ಹೇಳಿದ್ದು ನನ್ನ ಗಂಡ. "ಮಾವ ಬಂದು ಆರು ತಿಂಗಳಾಯ್ತು, ಬೀದಿ ಕೆಳಗೆ ಹಗ್ಗ ಓಡೋ ಊರು ಇಲ್ಲೇ ಪಕ್ಕದಲ್ಲಿದೆ, ತೋರಿಸಿಲ್ಲ ಅಂದ್ರೆ ನಾಚಿಕೆಗೇಡು" ಎಂದರು. ಶನಿವಾರ ಬೆಳಿಗ್ಗೆ ನಾನು ಪುಳಿಯೋಗರೆ, ಮೊಸರನ್ನ ಕಟ್ಟಿ, ಕ್ಯಾಮೆರಾಗೆ ರೀಲು ಹಾಕಿ ನಿಂತರೆ, ಅವರ ಪೇಜರು ಕುಯ್ಯೆಂದಿತು. ಸಾಫ್ಟ್‌ವೇರ್ ರಿಲೀಸಂತೆ. "ನೀವು ಹೋಗ್ಬನ್ನಿ, ಪ್ಲೀಸ್" ಎಂದು ಲ್ಯಾಪ್‌ಟಾಪು ಬಗಲಿಗೇರಿಸಿ ಹೊರಟೇಬಿಟ್ಟರು. ಬಾಯಿಗೆ ಬಂದದ್ದನ್ನೆಲ್ಲ ಅಪ್ಪನ ಮುಂದೆ ಅನ್ನಲಾಗದೆ ನುಂಗಿಕೊಂಡೆ. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಇವತ್ತು ಕೇಳಿಯೇ ತೀರುತ್ತೇನೆ ಎಂದುಕೊಂಡೆ.

ಕಮ್ಯೂಟರ್ ರೈಲಿನಲ್ಲಿ ಒಂದು ಗಂಟೆಗೂ ಹೆಚ್ಚಿನ ದಾರಿ. ಅಪ್ಪ ಕಿಟಕಿಗೆ ಅಂಟಿಕೊಂಡು ಒಂದೊಂದು ಸಿಗ್ನಲ್ಲನ್ನೂ ಎಣಿಸಿದರು. ನಾನು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಮಗಳು "ಅಮ್ಮಾ, ಐ ಆಮ್ ಹಂಗ್ರಿ" ಎಂದಳು. ಊರು ತಲುಪಿದ ಮೇಲೆ ಮಾರ್ಕೆಟ್ ಸ್ಟ್ರೀಟಿನಲ್ಲಿ ಓಡುವ ಹಳೆಯ ಎಲೆಕ್ಟ್ರಿಕ್ ಟ್ರಾಮು ಹಿಡಿದೆವು. ಬೇರೆ ಬೇರೆ ಊರುಗಳಲ್ಲಿ ಓಡಿ ಮೂಲೆ ಸೇರಿದ್ದ ಗಾಡಿಗಳನ್ನು ತಂದು ಬಣ್ಣ ಬಳಿದು ಓಡಿಸುತ್ತಿದ್ದರು. ನಮ್ಮದು ಕೆನೆಬಣ್ಣದ್ದು, ಕುಲುಕಿದಾಗ ಮೈಯೆಲ್ಲ ಕಿರುಗುಡುತ್ತಿತ್ತು. ಮೇಲಿನ ತಂತಿಗೆ ತಾಗಿದ ಕೋಲು ಚಟ್ಟೆಂದು ಕಿಡಿ ಹಾರಿಸಿದಾಗ ಅಪ್ಪನ ಮುಖ ಅರಳಿತು. "ನಾವು ಕಳಿಸ್ತಿದ್ದ ಕರೆಂಟೂ ಇಂಗೇ ಎಲ್ಲೋ ಉರೀತಿತ್ತು ಕಣವ್ವ, ಒಂದಿನ ನೋಡ್ಲಿಲ್ಲ" ಎಂದರು. ಆರು ತಿಂಗಳಲ್ಲಿ ಅವರಾಡಿದ ಅತಿ ಉದ್ದದ ಮಾತು ಅದು.

ಪೋವೆಲ್ ಸ್ಟ್ರೀಟಿನ ಮೂಲೆಯಲ್ಲಿ ಕೇಬಲ್ ಕಾರುಗಳು ತಿರುಗುವ ಜಾಗ. ನೆಲದಲ್ಲಿ ಮರದ ದುಂಡನೆಯ ಹಾಸು. ಗುಡ್ಡ ಇಳಿದು ಬಂದ ಕಾರು ಅದರ ಮೇಲೆ ನಿಂತರೆ, ಇಬ್ಬರು ಆಳುಗಳು ಹೆಗಲು ಕೊಟ್ಟು ಕೈಯಿಂದಲೇ ಗಿರ್ರನೆ ತಿರುಗಿಸುತ್ತಾರೆ. "ಎತ್ತಿನಗಾಡಿ ತಿರುಗಿಸ್ದಂಗೆ ತಿರುಗಿಸ್ತಾರಲ್ಲ!" ಎಂದು ಅಪ್ಪ ಗಟ್ಟಿಯಾಗಿ ನಕ್ಕರು. ನಾವು ಸಾಲಿನಲ್ಲಿ ನಿಂತಿದ್ದ ಮುಕ್ಕಾಲು ಗಂಟೆಯಲ್ಲಿ ಅವರು ಬಗ್ಗಿ ಬಗ್ಗಿ ಕಂಬಿಗಳ ನಡುವಿನ ಸಂದಿಯೊಳಗೆ ಇಣುಕಿದರು. ಒಳಗೆ ಹಗ್ಗ ಸರ್ರನೆ ಓಡುವ ಸದ್ದು. ಅಲ್ಲಿದ್ದ ಬೋರ್ಡನ್ನು ಓದಿ ನಾನು ವಿವರಿಸಿದೆ. ಹಗ್ಗ ನಿಲ್ಲುವುದೇ ಇಲ್ಲ. ಕಾರಿನ ನಡುವೆ ಉದ್ದನೆಯ ಸನ್ನೆಕೋಲು ಹಿಡಿದು ನಿಂತವನು ಬೇಕಾದಾಗ ಹಗ್ಗ ಕಚ್ಚಿಸುತ್ತಾನೆ, ಬೇಡವಾದಾಗ ಬಿಡಿಸುತ್ತಾನೆ.

"ಅಂಗಾರೆ ಬ್ರೇಕು ಆವಯ್ಯನ ಕೈಲಿ" ಎಂದರು ಅಪ್ಪ. ಸನ್ನೆ ಹಿಡಿದವನನ್ನು ಕಣ್ಣು ಮಿಟುಕಿಸದೆ ನೋಡಿದರು. ಭಾರಿ ಆಳು, ಕರಿಯ ಮೈಬಣ್ಣ, ತೋಳಿನವರೆಗೆ ಚರ್ಮದ ಗ್ಲೌಸು.

ನಮ್ಮ ಸರದಿ ಬಂತು. ಮಗಳು ಚಂಗನೆ ಹಾರಿ ಮುಂದಿನ ಬೆಂಚಿನಲ್ಲಿ ಕೂತಳು. ನಾನೂ ಕಾಲಿಡಬೇಕು, ಅಷ್ಟರಲ್ಲಿ ಅಪ್ಪ ಅವಳ ತೋಳು ಹಿಡಿದು ಕೆಳಗಿಳಿಸಿದರು.

"ಇರು ಮಗ" ಎಂದರು.

ನೋಡಿ, ನನ್ನ ತಲೆ ಧಿಮ್ಮೆಂದಿತು. ಸುತ್ತ ನೂರು ಜನ ಟೂರಿಸ್ಟರು ಇದ್ದಾರೆ ಅನ್ನುವುದು ಮರೆತೇಹೋಯಿತು. "ಏನಪ್ಪ ನಿಮಗೆ? ನನ್ನನ್ನ ಇಳಿಸಿದ್ದು ಸಾಲ್ದಾ? ಈಗ ಇವಳನ್ನೂ ಇಳಿಸ್ಬೇಕಾ? ಕ್ಲಾಸಿನೋರ ಮುಂದೆಲ್ಲಾ ಅಳಿಸಿದ್ರಿ, ಅದಕ್ಕೊಂದು ಮಾತಿಲ್ಲ ಕತೆಯಿಲ್ಲ! ಇಪ್ಪತ್ತೈದು ವರ್ಷ ಆಯ್ತು, ನಾನು ನಿಮಗೇನು ಮಾಡಿದ್ದೆ, ಹೇಳಿ!" ಎಂದು ಕಿರುಚಿದೆ. ಕೇಳಬೇಕೆಂದು ಇಷ್ಟು ವರ್ಷ ಜೋಪಾನ ಮಾಡಿದ್ದ ಪ್ರಶ್ನೆ, ಬೀದಿ ಜಗಳದ ಹಾಗೆ ಹೊರಗೆ ಬಿತ್ತು. ಮಗಳು ಹೆದರಿ ನನ್ನ ಕಮೀಜು ಹಿಡಿದುಕೊಂಡಳು.

ಅಪ್ಪ ಸನ್ನೆ ಹಿಡಿದವನ ಹತ್ತಿರ ಹೋದರು. ಕೈ ಮುಗಿಯುವುದೋ ಸಲಾಮು ಹೊಡೆಯುವುದೋ ತಿಳಿಯದೆ ಎರಡನ್ನೂ ಅರ್ಧರ್ಧ ಮಾಡಿ, ತಮಗೆ ಬರುತ್ತಿದ್ದ ಇಂಗ್ಲಿಷಿನಲ್ಲಿ ಕೇಳಿದರು, "ಸಾರ್, ಯುವರ್ ಫ್ಯಾಮಿಲಿ... ಇನ್‌ಸೈಡ್?"

ಆತ ಕಾರಿನೊಳಗೆ ಒಮ್ಮೆ ತಿರುಗಿ ನೋಡಿದ. ಅಪ್ಪ ಮತ್ತೆ, "ವೈಫು, ಚಿಲ್ಡ್ರನ್ನು?" ಎಂದರು. ಆತ ನಕ್ಕು, ಇಲ್ಲ ಸಾರ್, ಮಕ್ಕಳು ಓಕ್ಲ್ಯಾಂಡಿನಲ್ಲಿ ಅವರ ಅಜ್ಜಿ ಮನೆಯಲ್ಲಿದ್ದಾರೆ ಎಂದ. ಅದರಲ್ಲಿ ಅಪ್ಪನಿಗೆ ಎಷ್ಟು ಅರ್ಥವಾಯಿತೋ, "ನೋ" ಮಾತ್ರ ಸರಿಯಾಗಿ ಕೇಳಿಸಿತು. "ಗುಡ್, ಗುಡ್. ಥ್ಯಾಂಕ್ಯೂ" ಎಂದು ಹಿಂದಿರುಗಿ ಮಗಳನ್ನು ತಾವೇ ಎತ್ತಿ ಬೆಂಚಿನ ಮೇಲೆ ಕೂರಿಸಿದರು. "ಈಗ ಹತ್ತವ್ವ" ಎಂದು ನನಗೂ ಹೇಳಿದರು. ನಾನು ಇಂಗು ತಿಂದ ಮಂಗನ ಹಾಗೆ ಹತ್ತಿ ಕೂತೆ.

ಗಂಟೆ ಢಣಢಣ ಹೊಡೆಯಿತು. ಕಾರು ಒಮ್ಮೆ ಜಗ್ಗಿ, ಗುಡ್ಡ ಏರತೊಡಗಿತು. ಅಂಗಡಿಗಳು, ಹೋಟೆಲುಗಳು ಎಲ್ಲ ಓರೆಯಾಗಿ ಹಿಂದೆ ಸರಿದವು. ಮಗಳಿಗೆ ತಡೆಯಲಾಗಲಿಲ್ಲ. "ತಾತಾ, ವೈ ಡಿಡ್ ಯು ಆಸ್ಕ್ ಹಿಮ್ ದ್ಯಾಟ್?" ಎಂದಳು.

ಅಪ್ಪ ನನ್ನ ಕಡೆ ನೋಡಲಿಲ್ಲ. ಅವಳಿಗೇ ಹೇಳಿದರು. "ನೋಡು ಮಗ, ಬ್ರೇಕು ಹಿಡಿದೋನ ಮನೆಯೋರು ಗಾಡೀಲಿ ಕೂರಬಾರ್ದು. ನಮ್ಮ ವಿಂಚ್ ರೂಮಲ್ಲಿ ಅದೊಂದು ಪದ್ಧತಿ. ಪುಸ್ತಕದಲ್ಲಿ ಬರೆದಿದ್ದಲ್ಲ, ನಮ್ಗೆ ಕೆಲಸ ಕಲಿಸ್ದೋರು ಹೇಳಿದ್ದು. ನಮ್ಮೋರು ಕೂತಿದ್ರೆ ಕಣ್ಣು ಗುರುತಿನ ಮೇಲೆ ನಿಲ್ಲಾಕಿಲ್ಲ, ಕಿವಿ ಗಂಟೇಗೆ ಇರಾಕಿಲ್ಲ. ಕೈ ನಡುಗ್ತದೆ. ಮನೆಯೋರು ಬಂದ್ರೆ ಜೊತೆಯೋನ ಕೈಗೆ ಬ್ರೇಕು ಕೊಟ್ಟು ಆಚೆ ನಿಂತ್ಕೋಬೇಕು. ನಿಮ್ಮಮ್ಮ ಚಿಕ್ಕೋಳಿದ್ದಾಗ ಒಂದ್ಸಲ ಬಂದು ಮುಂದ್ಗಡೇನೇ ಕೂತ್ಬುಟ್ಟಿದ್ಲು. ಆವತ್ತು ನನ್ನ ಜೊತೆಯೋನು ರಜ. ಬ್ರೇಕು ಕೊಡಾಕೆ ಯಾರೂ ಇರ್ಲಿಲ್ಲ."

"ಸೋ ಅಮ್ಮ ಡಿಡಂಟ್ ಗೆಟ್ ಟು ಗೋ?"

"ಇಲ್ಲ ಮಗ."

"ದಟ್ಸ್ ನಾಟ್ ಫೇರ್, ತಾತಾ."

ಫೇರ್ ಅನ್ನುವುದು ಅಪ್ಪನಿಗೆ ಗೊತ್ತಿತ್ತು. "ಅನ್ಯಾಯವೇ ಮಗ" ಎಂದರು. "ಮುಂದಿನ್ ವಾರ ಜೊತೆಯೋನು ಬಂದ್ಮೇಲೆ ಬಾ ಹೋಗಾನ ಅಂತ ಕರದೆ. ಇವಳು ಗೋಡೆ ಕಡೀಕೆ ತಿರುಗ್ಬುಟ್ಲು. ಆಮೇಕೆ ನಂಗೆ ಬಾಯೇ ಬರ್ಲಿಲ್ಲ."

ಅಯ್ಯೋ ಶಿವನೇ! ನನಗದು ನೆನಪೇ ಇರಲಿಲ್ಲ. ಗುಡ್ಡದ ನೆತ್ತಿಯಲ್ಲಿ ಕಾರು ನಿಂತಾಗ ಒಂದೊಂದಾಗಿ ನೆನಪಾಯಿತು. ಬಾಗಿಲಲ್ಲಿ ಖಾಕಿ ಷರಟಿನಲ್ಲಿ ನಿಂತ ಅಪ್ಪ, "ಬತ್ತೀಯಾ?" ಎಂಬ ಒಂದೇ ಮಾತು. ಗೋಡೆಗೆ ಮುಖ ಮಾಡಿ ಮಲಗಿದ್ದ ನಾನು. ಎಲ್ಲಿಗೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಇಪ್ಪತ್ತೈದು ವರ್ಷ ಅವರು ಇಳಿಸಿದ್ದನ್ನು ಮಾತ್ರ ಇಟ್ಟುಕೊಂಡು, ಕರೆದದ್ದನ್ನು ಬಿಸಾಡಿಬಿಟ್ಟಿದ್ದೆ.

ಹಾಗೆಂದು ಕೂಡಲೇ ಕರಗಿಹೋದೆ ಎಂದುಕೊಳ್ಳಬೇಡಿ. ನನ್ನ ಜಾತಕವೇ ಅಂಥದ್ದಲ್ಲ. ಪದ್ಧತಿಯಂತೆ, ಕೈ ನಡುಗುತ್ತದಂತೆ! ಕೈ ನಡುಗುವ ಪೈಕಿಯವರಾ ಇವರು? ಅಮ್ಮ ಹೋದ ದಿನವೂ ನಿಂತ ನಿಲುವು ಬದಲಿಸದ ಮನುಷ್ಯ. ಮಗು ಕೇಳಿತು, ನಾನು ಬೀದಿಯಲ್ಲಿ ಕಿರುಚಿದೆ, ಸಮಾಧಾನಕ್ಕೆ ಏನೋ ಒಂದು ಹೇಳುತ್ತಿದ್ದಾರೆ ಎಂದು ನನ್ನೊಳಗಿನ ಒಂಬತ್ತು ವರ್ಷದ ಹುಡುಗಿ ಮುಖ ಊದಿಸಿಕೊಂಡೇ ಕೂತಿದ್ದಳು. ನಂಬಬೇಕೆಂದು ಆಸೆ ಇತ್ತು, ನಂಬಿಕೆ ಬರಲಿಲ್ಲ.

ಗುಡ್ಡದ ಆಚೆಗೆ ಸ್ವಲ್ಪ ದೂರದಲ್ಲೇ ಕೇಬಲ್ ಕಾರುಗಳ ಶೆಡ್ಡು. ಇಟ್ಟಿಗೆಯ ಹಳೆಯ ಕಟ್ಟಡ. ಊರಿನ ಬೀದಿಗಳ ಕೆಳಗೆ ಓಡುವ ಹಗ್ಗಗಳನ್ನೆಲ್ಲ ಎಳೆಯುವ ಚಕ್ರಗಳು ಅದರೊಳಗಿವೆ. ಯಾರು ಬೇಕಾದರೂ ಒಳಗೆ ಹೋಗಿ ಕಟಾಂಜನದ ಹಿಂದೆ ನಿಂತು ನೋಡಬಹುದು. ನಾವು ಅಲ್ಲಿ ಇಳಿದೆವು. ಒಳಗೆ ಕಾಲಿಟ್ಟ ಕೂಡಲೇ ಗ್ರೀಸಿನ ವಾಸನೆ, ಎದೆಗೇ ತಾಗುವ ಗುಡುಗುಡು ಸದ್ದು. ಆಳೆತ್ತರದ ಚಕ್ರಗಳ ಮೇಲೆ ಹಗ್ಗ ಎಂಟರ ಆಕಾರದಲ್ಲಿ ಸುತ್ತಿ ಸುತ್ತಿ ನೆಲದೊಳಗೆ ಇಳಿದುಹೋಗುತ್ತಿತ್ತು. ಯಾವ ಹಗ್ಗ ಯಾವ ಬೀದಿಯದೆಂದು ಬೋರ್ಡು ಬೇರೆ ಹಾಕಿದ್ದರು. ಅಪ್ಪ ಚಪ್ಪಲಿ ಬಿಡಲು ಹೋದರು. ನಾನು ಬೇಡ ಎಂದು ತಡೆದೆ.

ಪುಳಿಯೋಗರೆಯನ್ನು ಹೊರಗಿನ ಮೆಟ್ಟಿಲ ಮೇಲೆ ಕೂತು ತಿಂದೆವು. ಮಗಳಿಗೆ ಸಮುದ್ರದ ತನಕ ಹೋಗುವ ಕಾರು ಹತ್ತಬೇಕಿತ್ತು. ಹೈಡ್ ಸ್ಟ್ರೀಟಿನ ಇಳಿಜಾರು ಎಲ್ಲಕ್ಕಿಂತ ಕಡಿದು, ಕೂತವರು ಅಲ್ಲೇ ಕಿರುಚುವುದು ಎಂದು ಅವಳ ಕ್ಲಾಸಿನವರು ಹೇಳಿದ್ದರಂತೆ.

"ಬನ್ನಿ ಅಪ್ಪ" ಎಂದೆ.

"ನಾನು ಇಲ್ಲೇ ಇರ್ತೀನಿ. ನೀವಿಬ್ರೂ ಹೋಗ್ಬುಟ್ಟು ಬನ್ನಿ."

"ಒಬ್ಬರೇನಾ? ವಾಪಸ್ ಬರೋಕೆ ಎರಡು ಗಂಟೆ ಆಗುತ್ತೆ. ಅಲ್ಲಿ ಸಾಲು ಉದ್ದ ಇರುತ್ತೆ."

"ಆಗ್ಲಿ ಬುಡು. ಚಕ್ರ ನೋಡ್ತಾ ಇರ್ತೀನಿ" ಎಂದರು.

ಜಪ್ಪಯ್ಯ ಅಂದರೂ ಬರಲಿಲ್ಲ. ನೋಡಿದಿರಾ, ಜೊತೆಯಲ್ಲಿ ಬರಬೇಕೆಂದು ಅನ್ನಿಸುವುದೇ ಇಲ್ಲ ಇವರಿಗೆ, ನಮಗಿಂತ ಯಂತ್ರವೇ ಹೆಚ್ಚು ಎಂದು ನನಗೆ ಮತ್ತೆ ಸಿಟ್ಟು ಬಂತು. ಒಳಗೆ ಕೌಂಟರಿನಲ್ಲಿ ಕೂತಿದ್ದ ಬಿಳಿಕೂದಲಿನ ಹೆಂಗಸಿಗೆ, ಇವರಿಗೆ ಇಂಗ್ಲಿಷು ಅಷ್ಟಾಗಿ ಬರುವುದಿಲ್ಲ, ಸ್ವಲ್ಪ ನೋಡಿಕೊಳ್ಳುತ್ತೀರಾ ಎಂದು ಹೇಳಿ ಹೊರಟೆ.

ಹೈಡ್ ಸ್ಟ್ರೀಟಿನ ತಲೆಯ ಮೇಲೆ ಕಾರು ಒಂದು ಕ್ಷಣ ನಿಂತಿತು. ಕೆಳಗೆ ಬೀದಿ, ಬೀದಿಯ ತುದಿಗೆ ನೀಲಿ ನೀರು, ನೀರಿನ ನಡುವೆ ದ್ವೀಪ. ಆಮೇಲೆ ಇಳಿಯಿತು. ಮಗಳು ಕಿರುಚಿದಳು, ನಾನೂ ಕಿರುಚಿದೆ. ಮೂವತ್ತನಾಲ್ಕು ವರ್ಷದ ಹೆಂಗಸು, ಬೆಂಚಿನ ಕಂಬ ತಬ್ಬಿಕೊಂಡು ಕೇಕೆ ಹಾಕಿದೆ. ಕೇಕೆ ಹಾಕುತ್ತಲೇ ಅಳು ಬಂತು. ಅಪ್ಪ ಪಕ್ಕದಲ್ಲಿರಬೇಕಿತ್ತು ಅನ್ನಿಸಿತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಕೆಳಗೆ ಮಗಳು ಐಸ್‌ಕ್ರೀಮು ತಿಂದಳು. ವಾಪಸಿನ ಸಾಲು ನಾನೆಣಿಸಿದ್ದಕ್ಕಿಂತ ಉದ್ದವಿತ್ತು.

ಈಗ ಯೋಚಿಸಿದರೆ ಆ ಕಾಲದ್ದು ಏನೂ ಉಳಿದಿಲ್ಲ. ಗಂಡನ ಸ್ಟಾರ್ಟಪ್ಪು ಮಾರನೇ ವರ್ಷ ಬಾಗಿಲು ಹಾಕಿತು. ನಮ್ಮ ಅಪಾರ್ಟ್‌ಮೆಂಟನ್ನು ಕೆಡವಿ ಗಾಜಿನ ಆಫೀಸು ಕಟ್ಟಿದ್ದಾರೆ. ನಾವು ಮಾರ್ಗನ್ ಹಿಲ್‌ಗೆ ಬಂದು ಯಾವ ಕಾಲವಾಯಿತು. ಅಪ್ಪ ಮತ್ತೆ ಈ ಕಡೆ ಬರಲಿಲ್ಲ, ಏಳು ವರ್ಷಕ್ಕೆ ಹೋಗಿಬಿಟ್ಟರು. ಊರಿನ ಟ್ರಾಲಿ ಓಡುತ್ತಿದೆಯೋ ಇಲ್ಲವೋ, ವಿಚಾರಿಸಲು ನನಗೆ ಅಲ್ಲಿ ಯಾರೂ ಇಲ್ಲ. ಆ ಶನಿವಾರದ ಮಧ್ಯಾಹ್ನ ಒಂದನ್ನು ಮಾತ್ರ ಯಾರಿಗೂ ಕೆಡವಲಾಗಿಲ್ಲ.

ನಾವು ಶೆಡ್ಡಿಗೆ ವಾಪಸಾದಾಗ ಮೂರು ಗಂಟೆ ಹತ್ತಿರ ಆಗಿತ್ತು. ಬಾಗಿಲಲ್ಲೇ ಆ ಬಿಳಿಕೂದಲಿನ ಹೆಂಗಸು ನನ್ನನ್ನು ತಡೆದಳು. "ಅಬ್ಬ, ಬಂದ್ರಲ್ಲ!" ಎನ್ನುವ ಹಾಗೆ ಎದೆಯ ಮೇಲೆ ಕೈ ಇಟ್ಟುಕೊಂಡಳು.

"ನಿಮ್ಮ ತಂದೆಗೆ ಮೂರು ಸಲ ಕುರ್ಚಿ ಕೊಟ್ಟೆ, ನೀರು ಕೊಟ್ಟೆ" ಎಂದಳು. "ಯಾವುದೂ ಬೇಡ ಅಂದರು. ನೀವು ಹೋದಾಗಿನಿಂದ ಅಲ್ಲೇ ನಿಂತಿದ್ದಾರೆ, ಅತ್ತ ಇತ್ತ ಒಂದು ಹೆಜ್ಜೆ ಇಟ್ಟಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ ಆ ಹಗ್ಗ ತೋರಿಸಿ, ಅದರ ಮೇಲೆ ನನ್ನ ಮಗಳು ಹೋಗಿದ್ದಾಳೆ ಅಂದರು."

ಅಪ್ಪ ನಮಗೆ ಬೆನ್ನು ಮಾಡಿ ನಿಂತಿದ್ದರು. ಅಷ್ಟೂ ಚಕ್ರಗಳಿದ್ದವು, ಅವರು ನೋಡುತ್ತಿದ್ದುದು ಹೈಡ್ ಸ್ಟ್ರೀಟ್ ಎಂದು ಬರೆದಿದ್ದ ಒಂದನ್ನೇ. ಓದಲು ಕಷ್ಟಪಡುವ ಇಂಗ್ಲಿಷಿನಲ್ಲಿ ಆ ಒಂದು ಹೆಸರನ್ನು ಹುಡುಕಿಟ್ಟುಕೊಂಡಿದ್ದರು. ಎರಡೂ ಕೈಯಿಂದ ಕಟಾಂಜನ ಹಿಡಿದಿದ್ದರು. ಹತ್ತಿರ ಹೋಗಿ ನೋಡಿದೆ. ಹಿಡಿದ ಬಿಗಿಗೆ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು, ಆದರೂ ಕೈ ಸಣ್ಣಗೆ ನಡುಗುತ್ತಿತ್ತು.

"ಅಪ್ಪ, ಬಂದ್ವಿ" ಎಂದೆ.

ಅವರು ತಿರುಗಿ ನನ್ನನ್ನು ನೋಡಿದರು, ಮಗಳನ್ನು ನೋಡಿದರು. "ಇಬ್ರೂ ಬಂದ್ರಾ?" ಎಂದು ಕೇಳಿದರು. ಹೂಂ ಎಂದೆ. ಆಮೇಲೆ ಕುರ್ಚಿ ಎಲ್ಲಿದೆ ಎಂದು ನೋಡಿ, ಹೋಗಿ ಕೂತರು.